ಬರೆಯದ ದೂರು ಲೆಕ್ಕಕ್ಕೆ ಬಾರದು

ಹಿಂದೂಪುರ, ಕಲ್ಯಾಣದುರ್ಗಗಳ ನಮ್ಮ ಕನ್ನಡ ಮನೆಗಳಲ್ಲಿ ವಿಮೆಯ ಕಾಗದ ಪೆಟ್ಟಿಗೆಯಲ್ಲಿ ಜೋಪಾನವಾಗಿರುತ್ತದೆ. ಅದರೊಳಗಿನ ಇಂಗ್ಲಿಷನ್ನು ಓದಿದವರು ವಿರಳ. ನಮ್ಮ ಶಾಲೆಯ ಬಾಲಕನೊಬ್ಬನ ತಾಯಿ ಪತಿಯ ಮರಣಾನಂತರ ವಿಮೆಯ ಹಣ ಕೇಳಹೋಗಿ, “ಬರುವುದಿಲ್ಲಮ್ಮ” ಎಂಬ ಬಾಯಿಮಾತನ್ನಷ್ಟೇ ಪಡೆದು ಹಿಂದಿರುಗಿದರು. ಅರ್ಜಿಯಿಲ್ಲ, ಉತ್ತರವಿಲ್ಲ, ಆಕೆಯ ಸಂಕಟ ಯಾವ ಲೆಕ್ಕಕ್ಕೂ ಸೇರಲಿಲ್ಲ.

ಅದಾವ ಲೆಕ್ಕ? ಅಮೆರಿಕದಲ್ಲಿ ವಿಮಾ ಕಂಪನಿಗಳ ಮೇಲ್ವಿಚಾರಣೆ ಆಯಾ ರಾಜ್ಯದ್ದು. ನಮ್ಮ ದೇಶಕ್ಕೆಲ್ಲ ಒಂದೇ ಪ್ರಾಧಿಕಾರ: 1999ರ ಶಾಸನದಂತೆ ಸ್ಥಾಪಿತವಾಗಿ, ಹೈದರಾಬಾದಿನಲ್ಲಿ ಕೇಂದ್ರ ಕಚೇರಿಯುಳ್ಳದ್ದು. ಬಂದ ಕ್ಲೇಮುಗಳೆಷ್ಟು, ತೀರಿಸಿದವೆಷ್ಟು, ತಿರಸ್ಕರಿಸಿದವೆಷ್ಟು, ದೂರುಗಳಲ್ಲಿ ಬಾಕಿ ಎಷ್ಟು—ಇವೆಲ್ಲವನ್ನೂ ಕಂಪನಿಗಳು ಮೂರು ತಿಂಗಳಿಗೊಮ್ಮೆ ಬಹಿರಂಗಪಡಿಸಬೇಕು. 2011ರಿಂದ ದೂರುಗಳ ದಾಖಲೆ ಗಣಕಯಂತ್ರದ ಮೂಲಕ ಪ್ರಾಧಿಕಾರಕ್ಕೂ ಗೋಚರಿಸುತ್ತದೆ. ಅದರ ವಾರ್ಷಿಕ ವರದಿ ಸಂಸತ್ತಿನ ಮುಂದೆ ಬರುತ್ತದೆ.

ಆದರೆ ದಾಖಲಾಗದ ಮಗು ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯೂ ಆಗದು! ಬರಹಕ್ಕಿಳಿಯದ ದೂರಿನ ಗತಿಯೂ ಅದೇ. ಕಂಪನಿಯ ಹೆಸರು ನಿಷ್ಕಳಂಕವಾಗಿಯೇ ಉಳಿಯುತ್ತದೆ.

ಆದುದರಿಂದ ವಾಚಕರಲ್ಲಿ ನಮ್ಮ ಅರಿಕೆ: ಮೊದಲು ಕಂಪನಿಗೆ ಬರಹದಲ್ಲಿ ದೂರಿತ್ತು ಸ್ವೀಕೃತಿ ಪಡೆಯಿರಿ. ಪ್ರಾಧಿಕಾರದ 155255 ಸಂಖ್ಯೆಗೂ ದೂರವಾಣಿ ಮಾಡಬಹುದು. ತಿಂಗಳೊಳಗೆ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ತಾರದಿದ್ದರೆ, ಹೈದರಾಬಾದಿನ ವಿಮಾ ಒಂಬುಡ್ಸ್‌ಮನ್‌ರಿಗೆ ಬರೆಯಿರಿ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಆ ತಾಯಿಯ ಅರ್ಜಿಯನ್ನು ನಾವೇ ಬರೆದುಕೊಟ್ಟೆವು. ಸ್ವೀಕೃತಿಯ ಮೊಹರು ಬಿದ್ದಿದೆ. ಹಣ ಇನ್ನೂ ಬಂದಿಲ್ಲ. ಆದರೆ ಆಕೆಯೀಗ ಲೆಕ್ಕದಲ್ಲಿದ್ದಾರೆ.