ಬಚ್ಚಲಿನ ಲೆಕ್ಕದಲ್ಲಿ ಸೊಲ್ಲಾಪುರದ ಟವೆಲ್ಲು

ಕಸ ಉಳಿಸದ ಸ್ನಾನದ ಬಗ್ಗೆ ಈಚೆಗೆ ನಡೆಯುವ ಚರ್ಚೆ ಸಾಬೂನಿನಿಂದ ಶುರುವಾಗಿ ಶಾಂಪೂವಿನಲ್ಲಿ ಮುಗಿಯುತ್ತದೆ. ಕಾಗದ ಸುತ್ತಿದ ಸಾಬೂನು, ಬಿದಿರಿನ ಬ್ರಶ್ಶು, ಗಾಜಿನ ಶೀಶೆಯ ಎಣ್ಣೆ ಕೊಂಡರೆ ಬಚ್ಚಲು ಪಾವನವಾಯಿತೆಂಬ ನಂಬಿಕೆ. ಸ್ನಾನ ಮುಗಿದ ಮೇಲೆ ಕೈಗೆತ್ತಿಕೊಳ್ಳುವ ಟವೆಲ್ಲು ಮಾತ್ರ ಈ ಪಟ್ಟಿಗೆ ಬರುವುದೇ ಇಲ್ಲ. ದಿನಾ ಮೈಗೆ ತಾಗುವ ಸಾಮಾನುಗಳಲ್ಲಿ ವರ್ಷಗಟ್ಟಲೆ ಬಾಳುವುದು ಅದು. ಪಾಲಿಯೆಸ್ಟರ್ ನೂಲಿನದಾದರೆ ಪ್ರತಿ ಒಗೆತದಲ್ಲೂ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳನ್ನು ಚರಂಡಿಗೆ ಬಿಡುವುದೂ ಅದೇ. ಸೂಕ್ಷ್ಮ ಚೂರುಗಳಾಗಿಯೇ ಸಾಗರ ಸೇರುವ ಪ್ಲಾಸ್ಟಿಕ್ಕಿನಲ್ಲಿ ಸುಮಾರು 35 ಪ್ರತಿಶತ ಕೃತಕ ನೂಲಿನ ಬಟ್ಟೆ ಒಗೆಯುವುದರಿಂದ ಬರುತ್ತದೆಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2017ರಲ್ಲಿ ಅಂದಾಜು ಮಾಡಿತ್ತು. ಟವೆಲ್ಲಿನಿಂದಲೇ ಹೆಸರಾದ ಸೊಲ್ಲಾಪುರಕ್ಕೂ ಅದರ ನೆರೆಯ ಅಕ್ಕಲಕೋಟಕ್ಕೂ ಈ ಮರೆವು ಒಪ್ಪುವಂಥದ್ದಲ್ಲ. ಊರಲ್ಲೇ ತಯಾರಾದದ್ದನ್ನು ಕೊಳ್ಳಬೇಕೆಂದು ಮನಸ್ಸು ಮಾಡಿದವರು ಇಲ್ಲಿ ಟವೆಲ್ಲಿನಿಂದ ಆರಂಭಿಸಬೇಕು, ಆಮೇಲೆ ಎಣ್ಣೆ ಮತ್ತು ಪುಡಿಗೆ ಬರಬೇಕು. ಸಾಬೂನಿನ ಸರದಿ ಕೊನೆಗೆ.

ನಾವು ಟರ್ಕಿ ಟವೆಲ್ಲು ಎನ್ನುವ ಈ ಬಟ್ಟೆಯ ನೇಯ್ಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೆಸರೇ ಹೇಳುವಂತೆ ಮೂಲ ಟರ್ಕಿಯದು. ಬುರ್ಸಾ ಊರಿನಲ್ಲಿ ಕೈಮಗ್ಗದ ಮೇಲೆ ಮಾಡುತ್ತಿದ್ದುದನ್ನು ಇಂಗ್ಲೆಂಡಿನ ಹೆನ್ರಿ ಕ್ರಿಸ್ಟಿ ಕಂಡು ಬಂದ ಮೇಲೆ, ಅವನ ಮನೆತನದ ಕಂಪನಿ ಅದನ್ನು ಯಂತ್ರಕ್ಕೆ ಒಗ್ಗಿಸಿ 1851ರ ಲಂಡನ್ ಮಹಾಪ್ರದರ್ಶನದಲ್ಲಿ ಇಟ್ಟಿತು. ಇದಕ್ಕೆ ಎರಡು ಹಾಸು ಬೇಕು. ತಳದ ಹಾಸನ್ನು ಬಿಗಿಯಾಗಿ ಎಳೆದಿರುತ್ತಾರೆ, ಕುಣಿಕೆಯ ಹಾಸನ್ನು ಸಡಿಲ ಬಿಟ್ಟಿರುತ್ತಾರೆ. ಸಾದಾ ಬಟ್ಟೆಯಲ್ಲಿ ಲಾಳಿ ಓಡಿದಾಗಲೆಲ್ಲ ಹಣಿಗೆ ಬಂದು ಹೊಕ್ಕಿನ ನೂಲನ್ನು ನೇಯ್ದ ಅಂಚಿಗೆ ಒತ್ತಿ ಕೂರಿಸುತ್ತದೆ. ಇಲ್ಲಿ ಹಾಗಲ್ಲ. ಮೊದಲೆರಡು ಹೊಕ್ಕುಗಳನ್ನು ಅಂಚಿಗಿಂತ ತುಸು ಹಿಂದೆಯೇ ನಿಲ್ಲಿಸಿ, ಮೂರನೆಯದು ಬಂದಾಗ ಮೂರನ್ನೂ ಒಟ್ಟಿಗೆ ಮುಂದಕ್ಕೆ ಹೊಡೆಯುತ್ತದೆ. ಬಿಗಿಯಾದ ಹಾಸು ಕದಲುವುದಿಲ್ಲ. ಸಡಿಲ ಹಾಸು ಹೊಕ್ಕಿನ ಜೊತೆ ಸರಿದು, ಮುಂದೆ ಜಾಗವಿಲ್ಲದೆ, ಬಟ್ಟೆಯ ಎರಡೂ ಮಗ್ಗುಲಿಗೆ ಕುಣಿಕೆಯಾಗಿ ಏಳುತ್ತದೆ. ನೀರು ಹೀರುವುದು ಈ ಕುಣಿಕೆಗಳು. ಹೊಸ ಟವೆಲ್ಲು ಮೈಯ ನೀರು ಹೀರದಿದ್ದರೆ ಅದು ಸಾಮಾನ್ಯವಾಗಿ ನೂಲಿನ ಮೇಲಿನ ಗಂಜಿ ಮತ್ತು ಮೆರುಗಿನ ತಪ್ಪು. ಎರಡು ಮೂರು ಒಗೆತಕ್ಕೆ ಸರಿಹೋಗುತ್ತದೆ. ಮೆದುವಾಗಲೆಂದು ಸುವಾಸನೆಯ ದ್ರಾವಣದಲ್ಲಿ ಅದ್ದಿದರೆ ನೂಲಿನ ಮೇಲೆ ಮತ್ತೊಂದು ಪದರ ಕೂತು ಹೀರುವ ಗುಣವೇ ಕುಗ್ಗುತ್ತದೆ. ಸೊಲ್ಲಾಪುರದ ಟವೆಲ್ಲಿನ ಒರಟುತನವನ್ನು ದೂರುವವರು ಬಹಳ. ಬೆನ್ನುಜ್ಜಲು ಬೇರೆ ನಾರು ಕೊಳ್ಳುವುದನ್ನು ಅದು ಉಳಿಸುತ್ತದೆಂಬುದನ್ನು ಅವರು ಜಮೆಗೆ ಹಿಡಿಯುವುದಿಲ್ಲ.

ಊರಿನ ಜವಳಿ ಇತಿಹಾಸವನ್ನು ಚುಟುಕಾಗಿ ಹೇಳಬಹುದು. 1877ರಲ್ಲಿ ಇಲ್ಲಿ ಮೊದಲ ಬಟ್ಟೆ ಗಿರಣಿ ಬಂತು; ಜನ ಅದನ್ನು ಇಂದಿಗೂ ಹಳೇ ಮಿಲ್ಲು ಎನ್ನುತ್ತಾರೆ. ತೆಲಂಗಾಣದಿಂದ ವಲಸೆ ಬಂದ ಪದ್ಮಶಾಲಿ ನೇಕಾರರು ಕೈಮಗ್ಗದಿಂದ ವಿದ್ಯುತ್ ಮಗ್ಗಕ್ಕೆ ದಾಟಿದರು. ಮಗ್ಗದ ಬಳಿ ತೆಲುಗು, ಸಂತೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಕೇಳಿಸುವ ಊರು ಇದು. ಗಿರಣಿಗಳು ಒಂದೊಂದಾಗಿ ಮುಚ್ಚಿದರೂ ಚಾದರ, ಟವೆಲ್ಲು ಉಳಿದುಕೊಂಡವು. ಸೊಲ್ಲಾಪುರ ಚಾದರಕ್ಕೂ ಸೊಲ್ಲಾಪುರ ಟೆರಿ ಟವೆಲ್ಲಿಗೂ 2005-06ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಪಾಣಿಪತ್ತಿನ ಅಗ್ಗದ ಮಾಲು ಸೊಲ್ಲಾಪುರದ ಹೆಸರಲ್ಲಿ ಮಾರಾಟವಾಗುತ್ತದೆಂಬ ನೇಕಾರರ ದೂರು ಮಾತ್ರ ಆಮೇಲೂ ನಿಂತಿಲ್ಲ.

ಹತ್ತಿಯೇ ಬಾಯಾರಿದ ಬೆಳೆ, ಬರದ ನಾಡಿನವರು ಅದನ್ನು ಹೊಗಳುವುದು ಸರಿಯೇ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಒಂದು ಕಿಲೋ ಹತ್ತಿ ಬಟ್ಟೆಯ ಹಿಂದೆ ಜಾಗತಿಕ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರು ಇದೆ. ಅರ್ಧ ಕಿಲೋ ತೂಗುವ ಟವೆಲ್ಲಿಗೆ 5,000 ಲೀಟರ್ ಆಯಿತು. ಅದನ್ನು 5 ವರ್ಷ ದಿನವೂ ಬಳಸಿದರೆ ಒಂದು ಸ್ನಾನದ ಪಾಲಿಗೆ 3 ಲೀಟರಿಗಿಂತ ಕಡಿಮೆ ಬೀಳುತ್ತದೆ. ವರ್ಷಕ್ಕೊಂದು ಬದಲಾಯಿಸಿದರೆ ಸುಮಾರು 14 ಲೀಟರ್. ಹಾಗಾಗಿ ನೀರಿನ ಲೆಕ್ಕವನ್ನು ತೀರ್ಮಾನಿಸುವುದು ಟವೆಲ್ಲಿನ ಆಯುಸ್ಸು. ಆಯುಸ್ಸು ಮುಗಿದ ಮೇಲೂ ಅದು ನೆಲ ಒರೆಸುವ ಅರಿವೆಯಾಗಿ, ಸೈಕಲ್ಲಿನ ಧೂಳು ಕೊಡವುವ ಚಿಂದಿಯಾಗಿ ಇನ್ನಷ್ಟು ದಿನ ದುಡಿದು, ಅಪ್ಪಟ ಹತ್ತಿಯಾಗಿದ್ದರೆ ಮಣ್ಣಿನಲ್ಲಿ ಕೊಳೆಯುತ್ತದೆ. ಬಣ್ಣದ ವಿಷಯದಲ್ಲಿ ಮಾತ್ರ ಸಮಾಧಾನದ ಉತ್ತರವಿಲ್ಲ. ಬಣ್ಣದ ಮನೆಗಳ ನೀರು ಶುದ್ಧವಾಗದೆ ಹೊರಬಿದ್ದರೆ ಟವೆಲ್ಲು ಊರಿನದೆಂಬ ಹೆಮ್ಮೆಯ ಜೊತೆ ಆ ಕೊಳೆಯೂ ಊರಿನದೇ. ಸದ್ಯಕ್ಕೆ ಗಾಢ ಬಣ್ಣ ಬಿಟ್ಟು ಬಿಳಿಯದನ್ನೋ ತಿಳಿ ಬಣ್ಣದ್ದನ್ನೋ ಕೇಳಿ ಕೊಳ್ಳುವುದು ಗ್ರಾಹಕನ ಕೈಯಲ್ಲಿರುವ ಉಪಾಯ.

ಎಣ್ಣೆಯ ಮಾತಿಗೆ ಈ ಊರಿನಲ್ಲಿ ದೇವರೇ ಸಾಕ್ಷಿ. 12ನೆಯ ಶತಮಾನದ ಸಿದ್ಧರಾಮ ಸ್ಥಾಪಿಸಿದನೆಂದು ನಂಬುವ 68 ಲಿಂಗಗಳಿಗೆ ಸಂಕ್ರಾಂತಿಯ ಹೊತ್ತಿಗೆ ಎಣ್ಣೆಮಜ್ಜನ ನಡೆಯುತ್ತದೆ. ನಂದಿಧ್ವಜಗಳು ಊರು ಸುತ್ತುತ್ತವೆ, ಮರಾಠಿ ಪತ್ರಿಕೆಗಳೂ ಆ ವಿಧಿಯನ್ನು ಕನ್ನಡದ ಹೆಸರಿನಲ್ಲೇ ವರದಿ ಮಾಡುತ್ತವೆ. ಸುತ್ತಲಿನ ಎರೆ ಹೊಲಗಳ ಎಣ್ಣೆಯೆಂದರೆ ಕುಸುಬಿ. ಮಳೆ ನಿಂತ ಮೇಲೆ ಮಣ್ಣಿನಲ್ಲಿ ಉಳಿದ ಹಸಿಯನ್ನೇ ಕುಡಿದು ಬೆಳೆಯುವ, ಮುಳ್ಳಿರುವುದರಿಂದ ದನ ಬಾಯಿ ಹಾಕದ ಬೆಳೆ ಅದು. ಇಂಥ ಬೇಸಾಯದ ಅಭ್ಯಾಸಕ್ಕೆಂದೇ 1933ರಲ್ಲಿ ಸೊಲ್ಲಾಪುರದಲ್ಲಿ ಒಣಬೇಸಾಯ ಸಂಶೋಧನಾ ಕೇಂದ್ರ ಆರಂಭವಾಯಿತು. ಕುಸುಬಿ ಎಣ್ಣೆಯಲ್ಲಿ ಮುಕ್ಕಾಲು ಪಾಲು ಲಿನೋಲಿಕ್ ಆಮ್ಲ. ಚರ್ಮಕ್ಕೆ ಹಗುರ, ಜಿಡ್ಡು ಕಡಿಮೆ. ಅದೇ ಗುಣದಿಂದಾಗಿ ಗಾಳಿ ತಾಗಿದರೆ ಬೇಗ ಕಮಟು ಹಿಡಿಯುತ್ತದೆ. ದೂರದಿಂದ ಲಾರಿಯಲ್ಲಿ ಬಂದು ತಿಂಗಳುಗಟ್ಟಲೆ ಅಂಗಡಿಯಲ್ಲಿ ಕೂರುವುದಕ್ಕಿಂತ, ಹತ್ತಿರದ ಗಾಣಕ್ಕೆ ಮನೆಯ ಡಬ್ಬಿ ಒಯ್ದು ಸ್ವಲ್ಪ ಸ್ವಲ್ಪ ತರುವುದು ಈ ಎಣ್ಣೆಗೆ ಒಗ್ಗುವ ವ್ಯಾಪಾರ.

ಪುಡಿಗಳಲ್ಲಿ ಊರಿನದೆಂಬ ಮಾತು ಅಷ್ಟು ಸಲೀಸಲ್ಲ. ಕಡಲೆ ಇಲ್ಲಿಯ ಹಿಂಗಾರಿ ಬೆಳೆ, ಕಡಲೆಹಿಟ್ಟಿಗೆ ತಕರಾರಿಲ್ಲ. ಸೀಗೆಕಾಯಿ ಬರುವುದು ಕಾಡಿನ ಸೀಮೆಯಿಂದ; ಗ್ರಂಥಿಗೆ ಅಂಗಡಿಯಲ್ಲಿ ಕುಟ್ಟಿ ಕೊಟ್ಟ ಮಾತ್ರಕ್ಕೆ ಅದು ಸೊಲ್ಲಾಪುರದ್ದಾಗದು. ಆದರೂ ಅದನ್ನು ಹೋಲಿಸಬೇಕಾದ್ದು ಶಾಂಪೂ ಪುಡಿಕೆಯ ಜೊತೆ. ಕಡಲೂರಿನ ಚಿನ್ನಿಕೃಷ್ಣನ್ ರೂಢಿಗೆ ತಂದ, 1983ರಲ್ಲಿ ಶುರುವಾದ ಚಿಕ್ ಶಾಂಪೂ ಹಳ್ಳಿಹಳ್ಳಿಗೆ ಮುಟ್ಟಿಸಿದ ಆ ಪುಡಿಕೆ ಬಡವರಿಗೂ ಶಾಂಪೂ ಕೊಟ್ಟಿತು, ನಿಜ. ಪದರ ಪದರದ ಪ್ಲಾಸ್ಟಿಕ್ಕಿನ ಆ ಚೂರನ್ನು ಗುಜರಿಯವರೂ ಮುಟ್ಟುವುದಿಲ್ಲ. ಸ್ವಾಮಿ ಸಮರ್ಥರು 1878ರವರೆಗೆ ನೆಲೆಸಿದ್ದ ಅಕ್ಕಲಕೋಟಕ್ಕೆ ಬರುವ ಭಕ್ತರಲ್ಲಿ ಬಹಳ ಮಂದಿ ಅಲ್ಲಿಂದ ಗಾಣಗಾಪುರಕ್ಕೆ ಹೋಗಿ ಭೀಮಾ-ಅಮರಜಾ ಸಂಗಮದಲ್ಲಿ ಮೀಯುತ್ತಾರೆ. ಒಂದೇ ಸ್ನಾನಕ್ಕೆಂದು ಅಳೆದು ತುಂಬಿದ ಪುಡಿಕೆ ಯಾತ್ರೆಯ ದಾರಿಗೆ ಹೇಳಿ ಮಾಡಿಸಿದಂತಿದೆ, ಕಸವೂ ಅಲ್ಲೇ ಬೀಳುತ್ತದೆ. ಕಾಗದದ ಪೊಟ್ಟಣದಲ್ಲಿ ಸೀಗೆಪುಡಿ ಸಿಗುವಂತೆ ಮಾಡುವುದು ದೊಡ್ಡ ತಂತ್ರಜ್ಞಾನವೇನಲ್ಲ. ದೀಪಾವಳಿಯ ಸ್ನಾನಕ್ಕೆ ಮೈಗೆ ಹಚ್ಚುವ ಉಟಣೆ ಪುಡಿ ಈ ಭಾಗದಲ್ಲಿ ಇಂದಿಗೂ ಹಾಗೆ ಸಿಗುತ್ತದೆ. ಇನ್ನು ದಾಳಿಂಬೆ. ಸಾಂಗೋಲೆಯ ಕಡೆ ತೋಟಗಳು ಹಬ್ಬಿವೆ, ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ 2005ರಿಂದ ಸೊಲ್ಲಾಪುರದಲ್ಲೇ ಇದೆ. ರಸ ತೆಗೆದ ಮೇಲೆ ಉಳಿಯುವ ಸಿಪ್ಪೆ ಮುಖದ ಲೇಪಕ್ಕೂ ನೂಲಿನ ಹಳದಿ ಬಣ್ಣಕ್ಕೂ ಆಗುತ್ತದೆ, ಬೀಜದಿಂದ ಚರ್ಮಕ್ಕೆ ಹಚ್ಚುವ ಎಣ್ಣೆ ಬರುತ್ತದೆ.

ಸಾಬೂನಿಗೆ ಹೆಚ್ಚು ಜಾಗ ಬೇಡ. ಮನೆಯಲ್ಲಿ ಮಾಡಿದ್ದೆಲ್ಲ ಸೌಮ್ಯ ಎಂಬುದು ಭ್ರಮೆ. ಯಾವ ಗಟ್ಟಿ ಸಾಬೂನೂ ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಸೇರಿಯೇ ಆಗಬೇಕು, ಅಳತೆ ತಪ್ಪಿದರೆ ಚರ್ಮ ಉರಿಯುತ್ತದೆ. ಮಾರಾಟಕ್ಕೆ ಮಾಡುವವರು 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಪರವಾನಗಿ ಪಡೆದಿರಬೇಕು. ಹೊದಿಕೆಯ ಮೇಲೆ ಪರವಾನಗಿ ಸಂಖ್ಯೆ, ತಯಾರಿಸಿದ ದಿನ ಇಲ್ಲದಿದ್ದರೆ ಸ್ವದೇಶಿ ಅಭಿಮಾನ ಬದಿಗಿಡುವುದು ಒಳ್ಳೆಯದು. ಅಕ್ಕಲಕೋಟದ ಶಿವಪುರಿ ಆಶ್ರಮದ ಅಗ್ನಿಹೋತ್ರ ಸಂಪ್ರದಾಯದವರು ಹೋಮದ ಬೂದಿಯನ್ನು ಮುಲಾಮಿಗೂ ಬಳಸುತ್ತಾರೆ. ಬೆರಣಿ, ತುಪ್ಪ, ಅಕ್ಕಿಯ ಬೂದಿಯಾದ್ದರಿಂದ ಕಸದ ಲೆಕ್ಕದಲ್ಲಿ ಅದು ಪಾಸು. ರೋಗ ವಾಸಿಯ ಮಾತು ನಂಬಿಕೆಗೆ ಸೇರಿದ್ದು.

ಉಳಿದದ್ದು ಬೆಲೆಯ ಆಕ್ಷೇಪ. ಒಳ್ಳೆಯ ಹತ್ತಿ ಟವೆಲ್ಲು ರಸ್ತೆ ಬದಿಯ ಕೃತಕ ನೂಲಿನದಕ್ಕಿಂತ ತುಟ್ಟಿ, ಬಡವರಿಗೆ ಆಯುಸ್ಸಿನ ಲೆಕ್ಕ ಹೇಳಿ ಪ್ರಯೋಜನವಿಲ್ಲ. ಅದಕ್ಕೇ ಖರೀದಿಯ ಹೊಣೆ ಮೊದಲು ಒಟ್ಟಿಗೆ ಕೊಳ್ಳಬಲ್ಲವರ ಮೇಲಿರಬೇಕು: ಅಕ್ಕಲಕೋಟದ ಭಕ್ತನಿವಾಸಗಳು, ಲಾಡ್ಜುಗಳು, ಎರಡೂ ಊರಿನ ಆಸ್ಪತ್ರೆಗಳು. ಮಗ್ಗ ಇರುವುದು ಅಕ್ಕಲಕೋಟದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ. ದುಡಿಯುವವರಲ್ಲಿ ಕೆಲವರ ಮನೆಯೂ ಇದೇ ದಾರಿಯಲ್ಲಿದೆ: ನಡುವೆ ಕುಂಭಾರಿಯ ರೇನಗರದಲ್ಲಿ 2024ರ ಜನವರಿಯಲ್ಲಿ 15,000 ಮನೆಗಳನ್ನು ಹಂಚಿದರು. ಪಡೆದವರಲ್ಲಿ ಮಗ್ಗದ ಕೆಲಸಗಾರರೂ ಇದ್ದಾರೆ, ಬೀಡಿ ಕಟ್ಟುವವರೂ, ಚಿಂದಿ ಆಯುವವರೂ ಇದ್ದಾರೆ. ಲಾಡ್ಜುಗಳು ಟವೆಲ್ಲು ಕೊಂಡ ಮಾತ್ರಕ್ಕೆ ನಿಂತ ಮಗ್ಗಗಳೆಲ್ಲ ಮತ್ತೆ ಓಡಲಾರವು, ಪುಣೆಯಲ್ಲಿ ಕೆಲಸ ಹಿಡಿದ ನೇಕಾರರ ಮಕ್ಕಳು ಅದಕ್ಕಾಗಿ ಊರಿಗೆ ಮರಳುವುದೂ ಇಲ್ಲ. ಈಗ ಮಗ್ಗದ ಮುಂದೆ ನಿಂತಿರುವ ತಲೆಮಾರಿಗೆ ಇನ್ನಷ್ಟು ವರ್ಷದ ಕೆಲಸ ಸಿಕ್ಕೀತು.