ಕುಣಿತ ಕಾಲಿನದು, ಕಣ್ಕಟ್ಟು ಬೆಳಕಿನದು

ಶಾಲಾ ವಾರ್ಷಿಕೋತ್ಸವಕ್ಕೆ ಇನ್ನೊಂದು ವಾರವಿತ್ತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಸಾರ್, ಮೈಕೇಲ್ ಜಾಕ್ಸನ್ ತರ ನೆಟ್ಟಗೆ ನಿಂತ್ಕೊಂಡೇ ಮುಂದಕ್ಕೆ ವಾಲೋಕಾಗುತ್ತಾ?" ಎಂದು ಕೇಳಿದ. ಉತ್ತರ ಪತ್ರಿಕೆಗಳ ಕಟ್ಟಿನಿಂದ ತಲೆಯೆತ್ತದೆ ನಾನು, "ಅದೆಲ್ಲಾ ಕ್ಯಾಮೆರಾ ಟ್ರಿಕ್ಕು ಕಣೋ, ಹೋಗು" ಎಂದೆ.

ಮೂರನೆಯ ದಿನ ಅವನು ಶಾಲೆಗೆ ಬರಲಿಲ್ಲ. ಮನೆಯ ಮುಂದಿನ ಸಿಮೆಂಟ್ ಜಗಲಿಯ ಮೇಲೆ ವಾಲುವ ಅಭ್ಯಾಸ ಮಾಡುತ್ತಾ ಮುಗ್ಗರಿಸಿ ಬಿದ್ದು, ಬಲಗೈಯ ಮಣಿಕಟ್ಟು ಮುರಿದುಕೊಂಡಿದ್ದ. ನೋಡಲು ಹೋದಾಗ ಅವನ ತಂದೆ, "ನೀವಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ ಮೇಷ್ಟ್ರೇ" ಎಂದರು. ನನ್ನ ಪರವಾಗಿ ಹುಡುಗನೇ ಉತ್ತರ ಕೊಟ್ಟ: "ಸಾರ್ ಟ್ರಿಕ್ಕು ಅಂತ ಹೇಳಿದ್ರಪ್ಪ. ಏನು ಟ್ರಿಕ್ಕು ಅಂತ ಹೇಳ್ಲಿಲ್ಲ, ಅಷ್ಟೇ."

ಬಿ.ಎಡ್. ತರಗತಿಯಲ್ಲಿ ಯಾರೂ ಕಲಿಸದ ಪಾಠ ಅದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳಲ್ಲಿ ಯಾವ ಶಾಲೆಯ ವಾರ್ಷಿಕೋತ್ಸವಕ್ಕೆ ಹೋದರೂ ಪ್ರಾರ್ಥನೆ, ವರದಿ ವಾಚನ ಮುಗಿಯುತ್ತಿದ್ದಂತೆ ಮಕ್ಕಳು ಕಾಯುವುದು ಸಿನಿಮಾ ಹಾಡಿನ ಕುಣಿತಕ್ಕೆ. ಆ ಕುಣಿತವನ್ನು ಅವರು ಕಲಿಯುವುದು ಪರದೆಯಿಂದ. ಪರದೆಯ ಮೇಲೆ ಎಷ್ಟು ಮೈಯ ಸಾಮರ್ಥ್ಯ, ಎಷ್ಟು ಯಂತ್ರದ ಕೈಚಳಕ ಎಂಬುದನ್ನು ಅವರಿಗೆ ಬಿಡಿಸಿ ಹೇಳುವವರು ಯಾರು?

ತಲೆ ಎಲ್ಲಿ ಹೋಯಿತು?

1994ರಲ್ಲಿ ಶಂಕರ್ ನಿರ್ದೇಶನದ 'ಕಾದಲನ್' ಎಂಬ ತಮಿಳು ಚಿತ್ರ ಬಂತು. ಪಾವಗಡದ ಕಡೆಯವರಿಗೆ ಅದು ತೆಲುಗಿನ 'ಪ್ರೇಮಿಕುಡು' ಎಂದೇ ಪರಿಚಯ. ಅದರ 'ಮುಕ್ಕಾಲಾ ಮುಕಾಬುಲಾ' ಹಾಡನ್ನು ಕೇಳದ ಹೋಟೆಲು, ಬಸ್ಸು ಆಗ ಇರಲಿಲ್ಲ. ಸಂಗೀತ ಎ.ಆರ್. ರೆಹಮಾನ್ ಅವರದು. ಕುಣಿದವರು ಪ್ರಭುದೇವ. ಅವರು 1973ರಲ್ಲಿ ಹುಟ್ಟಿದ್ದು ನಮ್ಮ ಮೈಸೂರಿನಲ್ಲಿ. ತಂದೆ, ನೃತ್ಯ ನಿರ್ದೇಶಕ ಮೂಗೂರು ಸುಂದರ್ ಅವರ ಹೆಸರಿನಲ್ಲೇ ತಿ. ನರಸೀಪುರ ತಾಲ್ಲೂಕಿನ ಊರಿದೆ.

ಹಾಡಿನ ಕೊನೆಯ ಭಾಗದಲ್ಲಿ ನಾಯಕನ ತಲೆ ಮಾಯವಾಗುತ್ತದೆ, ಕೈಗಳು ಮಾಯವಾಗುತ್ತವೆ. ಟೋಪಿ ಮತ್ತು ಬಟ್ಟೆಗಳು ಮಾತ್ರ ತಾಳ ತಪ್ಪದೆ ಕುಣಿಯುತ್ತವೆ. ಅತ್ಯುತ್ತಮ ವಿಶೇಷ ಪರಿಣಾಮಗಳಿಗಾಗಿ ಆ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ಇಂಥ ದೃಶ್ಯವನ್ನು ಸಾಮಾನ್ಯವಾಗಿ ತಯಾರಿಸುವ ಕ್ರಮ ಹೀಗಿದೆ. ಮೊದಲು ಕ್ಯಾಮೆರಾವನ್ನು ಅಲುಗದಂತೆ ನಿಲ್ಲಿಸಿ, ಯಾರೂ ಇಲ್ಲದ ಬರಿಯ ರಂಗವನ್ನು ಚಿತ್ರೀಕರಿಸುತ್ತಾರೆ. ಅನಂತರ ಅದೇ ಜಾಗದಲ್ಲಿ ನರ್ತಕ ಕುಣಿಯುತ್ತಾನೆ. ಮಾಯವಾಗಬೇಕಾದ ಅಂಗಗಳಿಗೆ ನೀಲಿ ಅಥವಾ ಹಸಿರು ಬಟ್ಟೆ ಸುತ್ತಿರುತ್ತಾರೆ. ನೀಲಿ, ಹಸಿರೇ ಏಕೆ? ಮನುಷ್ಯರ ಚರ್ಮ ಕಪ್ಪಿರಲಿ, ಬಿಳುಪಿರಲಿ, ಅದರಲ್ಲಿ ಕೆಂಪಿನ ಅಂಶವೇ ಹೆಚ್ಚು. ಆದ್ದರಿಂದ ಈ ಬಣ್ಣಗಳನ್ನು ಚರ್ಮದಿಂದ ಬೇರ್ಪಡಿಸುವುದು ಕಂಪ್ಯೂಟರಿಗೆ ಸುಲಭ. ಆ ಬಣ್ಣವಿರುವ ಕಡೆಯೆಲ್ಲಾ ಅದನ್ನು ಅಳಿಸಿ, ಬರಿಯ ರಂಗದ ಚಿತ್ರದಿಂದ ಅಷ್ಟೇ ಭಾಗವನ್ನು ಕತ್ತರಿಸಿ ತಂದು ಕೂರಿಸುತ್ತಾರೆ. ಹರಿದ ಅಂಗಿಗೆ ಅದೇ ಬಟ್ಟೆಯ ತೇಪೆ ಹಾಕಿದ ಹಾಗೆ.

ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ತಲೆ ಇಲ್ಲವೆಂದ ಮೇಲೆ ಕುತ್ತಿಗೆಯ ಹಿಂದಿನ ಕಾಲರಿನ ಒಳಮೈ ನಮಗೆ ಕಾಣಬೇಕಲ್ಲವೆ? ಅದನ್ನು ಬೇರೆಯಾಗಿ ಸೇರಿಸಬೇಕು. ತಲೆಯ ನೆರಳು ನೆಲದ ಮೇಲೆ ಉಳಿದುಬಿಟ್ಟರೆ ಗುಟ್ಟು ರಟ್ಟು. ಅದನ್ನೂ ಅಳಿಸಬೇಕು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು. ಐದು ನಿಮಿಷದ ಹಾಡೆಂದರೆ 7,200 ಚಿತ್ರಗಳು. ಹತ್ತೇ ಸೆಕೆಂಡು ತಲೆ ಮಾಯವಾದರೂ 240 ಚಿತ್ರಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಒಂದರಲ್ಲಿ ಕಾಲರು ಕೂದಲೆಳೆಯಷ್ಟು ಜರುಗಿದರೂ ಕಣ್ಣು ಹಿಡಿದುಬಿಡುತ್ತದೆ.

ಬಿಡಿ ಚಿತ್ರಗಳು ಚಲನೆಯಾಗಿ ಕಾಣಲು ದೃಷ್ಟಿಸ್ಥಿರತೆ ಕಾರಣ ಎಂದು ನಾವು ಬಹುಕಾಲ ಪಾಠ ಮಾಡಿದೆವು. ಅದು ಅರ್ಧ ಸತ್ಯ. ಬೇಗಬೇಗನೆ ಬರುವ, ಸ್ವಲ್ಪಸ್ವಲ್ಪವೇ ಬೇರೆಯಾದ ಚಿತ್ರಗಳ ನಡುವಿನ ಚಲನೆಯನ್ನು ಊಹಿಸಿ ಹೊಲಿಯುವುದು ಮೆದುಳು.

ತಾಳ ಮತ್ತು ಲೆಕ್ಕ

ಎಲೆಕ್ಟ್ರಾನಿಕ್ ಸಂಗೀತಕ್ಕೂ ಈ ಕಣ್ಕಟ್ಟಿಗೂ ಒಳ್ಳೆಯ ನಂಟಿದೆ. ತಮಟೆ ಬಾರಿಸುವವನು ಹುರುಪಿನಲ್ಲಿ ತುಸು ವೇಗ ಹೆಚ್ಚಿಸುತ್ತಾನೆ. ಅದೇ ಅದರ ಸೊಗಸು. ಯಂತ್ರದ ತಾಳ ಹಾಗಲ್ಲ. ನಿಮಿಷಕ್ಕೆ 120 ಪೆಟ್ಟು ಎಂದು ಗೊತ್ತುಮಾಡಿದರೆ ಅರ್ಧ ಸೆಕೆಂಡಿಗೊಂದು ಪೆಟ್ಟು, ಅಂದರೆ ಸರಿಯಾಗಿ 12 ಚಿತ್ರಗಳಿಗೊಮ್ಮೆ. ಯಾವ ಚಿತ್ರದಲ್ಲಿ ಕಾಲು ನೆಲಕ್ಕೆ ಬೀಳಬೇಕೆಂದು ಮೊದಲೇ ಲೆಕ್ಕ ಹಾಕಬಹುದು. ನರ್ತಕ ಹತ್ತು ಸಲ ಕುಣಿದರೂ ಹತ್ತೂ ಸಲ ಅದೇ ತಾಳ.

ವಿದ್ಯಾರ್ಥಿಗಳಿಗೊಂದು ಪ್ರಶ್ನೆ. ಕೆಲವು ಹಾಡುಗಳಲ್ಲಿ ನರ್ತಕನ ಮೈ ನೀರಿನಲ್ಲಿ ತೇಲಿದಂತೆ ನಿಧಾನವಾಗಿ ಚಲಿಸುತ್ತದೆ, ತುಟಿ ಮಾತ್ರ ಹಾಡಿಗೆ ಸರಿಯಾಗಿ ಹೊಂದುತ್ತದೆ. ಹೇಗೆ? ಚಿತ್ರೀಕರಣದಲ್ಲಿ ಹಾಡನ್ನು ಇಮ್ಮಡಿ ವೇಗದಲ್ಲಿ ಹಾಕಿ, ನರ್ತಕನಿಂದ ಅದೇ ವೇಗದಲ್ಲಿ ತುಟಿಯಾಡಿಸಿ, ಸೆಕೆಂಡಿಗೆ 48 ಚಿತ್ರ ತೆಗೆಯುತ್ತಾರೆ. ತೋರಿಸುವಾಗ ಸೆಕೆಂಡಿಗೆ 24. ಎಲ್ಲವೂ ಅರ್ಧ ವೇಗಕ್ಕೆ ಇಳಿದಾಗ ತುಟಿ ಹಾಡಿಗೆ ಕೂಡಿಕೊಳ್ಳುತ್ತದೆ.

ಆದರೆ ಇದನ್ನೂ ಹೇಳಬೇಕು. ಕಂಪ್ಯೂಟರು ತಲೆಯನ್ನು ಅಳಿಸಿತೇ ಹೊರತು ಕುಣಿಯಲಿಲ್ಲ. ಆ ಕಾಲುಗಳ ಹಿಂದೆ ಭರತನಾಟ್ಯದ ವರ್ಷಗಳ ಅಭ್ಯಾಸವಿದೆ. 'ಮಿನ್ಸಾರ ಕನವು' ಚಿತ್ರದ ನೃತ್ಯ ಸಂಯೋಜನೆಗೆ ಪ್ರಭುದೇವ ರಾಷ್ಟ್ರಪ್ರಶಸ್ತಿ ಪಡೆದರು; 2019ರಲ್ಲಿ ಪದ್ಮಶ್ರೀ ಬಂತು.

ವಾಲುವ ಗುಟ್ಟು

ಇನ್ನು ನಮ್ಮ ಹುಡುಗನ ಕೈ ಮುರಿದ ವಾಲಾಟ. ಜಾಕ್ಸನ್ ಅವರ 'ಸ್ಮೂತ್ ಕ್ರಿಮಿನಲ್' ಹಾಡಿನ ಚಿತ್ರ 1988ರದು. ಅದರಲ್ಲಿ ನರ್ತಕರು ನೆಟ್ಟಗಿನ ಮೈಯಲ್ಲೇ ಸುಮಾರು 45 ಡಿಗ್ರಿ ಮುಂದಕ್ಕೆ ವಾಲಿ ಮತ್ತೆ ಮೇಲೇಳುತ್ತಾರೆ. ಚಿತ್ರದಲ್ಲಿ ಅದಕ್ಕೆ ತಂತಿಗಳ ಆಸರೆಯಿತ್ತು. ವೇದಿಕೆಯ ಮೇಲೆ ತಂತಿ ಬೇಡವೆಂದು ವಿಶೇಷ ಶೂ ಮಾಡಿಸಿದರು. ಹಿಮ್ಮಡಿಯಲ್ಲಿ ಒಂದು ಸೀಳು. ವೇದಿಕೆಯಿಂದ ಸರಿಯಾದ ಗಳಿಗೆಗೆ ಮೇಲೇಳುವ ಗೂಟಕ್ಕೆ ಅದು ಸಿಕ್ಕಿಕೊಳ್ಳುತ್ತದೆ. ಜಾಕ್ಸನ್ ಮತ್ತು ಇನ್ನಿಬ್ಬರಿಗೆ ಇದಕ್ಕಾಗಿ 1993ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು.

ಗುರುತ್ವ ಕೇಂದ್ರದಿಂದ ಇಳಿಬಿಟ್ಟ ತೂಗುಗುಂಡಿನ ದಾರ ಪಾದಗಳ ಒಳಗೆ ಬಿದ್ದರೆ ನಿಲ್ಲುತ್ತೇವೆ, ಹೊರಗೆ ಬಿದ್ದರೆ ಬೀಳುತ್ತೇವೆ. ಹಿಮ್ಮಡಿಯನ್ನು ನೆಲಕ್ಕೆ ಬಿಗಿಹಿಡಿಯುವ ಗೂಟವಿಲ್ಲದೆ ಎಷ್ಟು ವರ್ಷ ಅಭ್ಯಾಸ ಮಾಡಿದರೂ 45 ಡಿಗ್ರಿ ಸಾಧ್ಯವಿಲ್ಲ. ಗೂಟವಿದ್ದರೂ ಅಪಾರ ಸ್ನಾಯುಬಲ ಬೇಕು. ನಂಬಿಕೆ ಬರದಿದ್ದರೆ ಗೋಡೆಗೆ ಹಿಮ್ಮಡಿ, ಬೆನ್ನು ಒತ್ತಿ ನಿಂತು, ಮಂಡಿ ಬಗ್ಗಿಸದೆ ಕಾಲ್ಬೆರಳು ಮುಟ್ಟಲು ಯತ್ನಿಸಿ. ಎದುರಿಗೆ ಹಿಡಿದುಕೊಳ್ಳಲು ಒಬ್ಬರಿರಲಿ. ಬಗ್ಗುವಾಗ ಸೊಂಟವನ್ನು ಹಿಂದಕ್ಕೆ ಒಯ್ಯಲು ಗೋಡೆ ಬಿಡುವುದಿಲ್ಲ. ಆದ್ದರಿಂದ ಮುಂದಕ್ಕೆ ಮುಗ್ಗರಿಸುತ್ತೀರಿ.

ನಮ್ಮ ಕಡೆಯ ಜಾಣರು

ಇದೆಲ್ಲಾ ಹೊರಗಿನಿಂದ ಬಂದ ವಿದ್ಯೆ ಎಂದು ತಿಳಿಯಬೇಕಿಲ್ಲ. ನಮ್ಮ ಸೀಮೆಯ ಮೂಡಲಪಾಯದ ಆಟದಲ್ಲಿ ರಾಕ್ಷಸ ಪಾತ್ರ ಬರುವಾಗ ಪಂಜಿಗೆ ರಾಳದ ಪುಡಿ ಎರಚುವುದುಂಟು. ಭಗ್ಗೆಂದು ಏಳುವ ಬೆಂಕಿಯ ನಡುವೆ ವೇಷ ಕುಣಿಯುತ್ತಾ ಬರುತ್ತದೆ. ಗಟ್ಟಿ ರಾಳ ನಿಧಾನವಾಗಿ ಉರಿಯುತ್ತದೆ. ಪುಡಿಮಾಡಿ ಎರಚಿದಾಗ ಗಾಳಿಗೆ ತಗಲುವ ಮೇಲ್ಮೈ ನೂರಾರು ಪಟ್ಟು ಹೆಚ್ಚುವುದರಿಂದ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. (ಮಕ್ಕಳು ಇದನ್ನು ಮನೆಯಲ್ಲಿ ಮಾಡಬಾರದು.) ನಮ್ಮದೇ ಜಿಲ್ಲೆಯ ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ' ನಾಟಕದಲ್ಲಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದು ಜನರನ್ನು ಬೆರಗುಗೊಳಿಸಿದವರು.

ಇನ್ನೊಬ್ಬರು ಮೈಸೂರಿನ ವಿ.ಕೆ. ಮೂರ್ತಿ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು. 1959ರ 'ಕಾಗಜ್ ಕೆ ಫೂಲ್' ಚಿತ್ರದ ಒಂದು ಹಾಡಿನಲ್ಲಿ ಕತ್ತಲ ಸ್ಟುಡಿಯೋದೊಳಕ್ಕೆ ಬೆಳಕಿನ ಕೋಲೊಂದು ಇಳಿಯುತ್ತದೆ. ಅದಕ್ಕೆ ಅವರು ಬಳಸಿದ್ದು ಕಂಪ್ಯೂಟರನ್ನಲ್ಲ, ದೊಡ್ಡ ಕನ್ನಡಿಗಳನ್ನು. ಹೊರಗಿನ ಬಿಸಿಲನ್ನು ಒಂದು ಕನ್ನಡಿಯಿಂದ ಇನ್ನೊಂದಕ್ಕೆ, ಅದರಿಂದ ಒಳಕ್ಕೆ ತಿರುಗಿಸಿದರು. ಹೆಂಚಿನ ಮನೆಯ ಗವಾಕ್ಷಿಯಿಂದ ಒಲೆಯ ಹೊಗೆಯ ನಡುವೆ ಇಳಿಯುವ ಬಿಸಿಲುಕೋಲನ್ನು ನೀವೆಲ್ಲಾ ನೋಡಿದ್ದೀರಿ. ಅದೇ ತತ್ತ್ವ. ಗಾಳಿಯಲ್ಲಿನ ಕಣಗಳು ಬೆಳಕನ್ನು ಚದುರಿಸುವುದರಿಂದ ಬೆಳಕಿನ ದಾರಿ ಕಣ್ಣಿಗೆ ಕಾಣುತ್ತದೆ. ಪಾಠದಲ್ಲಿ ಇದಕ್ಕೆ ಟಿಂಡಾಲ್ ಪರಿಣಾಮ ಎನ್ನುತ್ತೇವೆ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೂರ್ತಿಯವರು ಆ ಗೌರವ ಪಡೆದ ಮೊದಲ ಛಾಯಾಗ್ರಾಹಕರು.

ತಂದೆ ತಾಯಿಗಳಿಗೆ

ಅಂದು ದೊಡ್ಡ ಸ್ಟುಡಿಯೋಗಳಲ್ಲಿ ಆಗುತ್ತಿದ್ದುದು ಈಗ ಮಕ್ಕಳ ಕೈಯ ಮೊಬೈಲಿನಲ್ಲೇ ಆಗುತ್ತದೆ. ಇದರ ಕೆಟ್ಟ ಮುಖವನ್ನೂ ಕಂಡಿದ್ದೇವೆ. 2023ರ ನವೆಂಬರಿನಲ್ಲಿ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ವೀಡಿಯೋಗೆ ಅಂಟಿಸಿ ಹರಿಯಬಿಟ್ಟರು. ನಾಳೆ ಅದು ನಮ್ಮ ಊರಿನ ಹೆಣ್ಣುಮಗಳ ಮುಖವಾಗಬಹುದು. ವೀಡಿಯೋ ನೋಡಿದ ತಕ್ಷಣ ನಂಬುವ ಮೊದಲು ನೆರಳು ಸರಿಯಿದೆಯೇ, ಕುತ್ತಿಗೆಯ ಅಂಚು ಕದಲುತ್ತಿದೆಯೇ ಎಂದು ಮಕ್ಕಳೇ ನೋಡುವಂತಾಗಬೇಕು. ಈಗಿನ ತಂತ್ರಗಳಲ್ಲಿ ಅಂಥ ಕುರುಹು ಸಿಗದೆಯೂ ಇರಬಹುದು. ಆದ್ದರಿಂದ ಇದನ್ನು ಯಾರು, ಎಲ್ಲಿಂದ ಕಳಿಸಿದರು ಎಂದೂ ಕೇಳಬೇಕು.

ಇದೇ ಕೆಲಸ ಅನ್ನಕ್ಕೂ ದಾರಿ. ಅನಿಮೇಷನ್ ಮತ್ತು ದೃಶ್ಯ ಪರಿಣಾಮಗಳಿಗಾಗಿ ಕರ್ನಾಟಕ 2012ರಲ್ಲೇ ಪ್ರತ್ಯೇಕ ನೀತಿ ರೂಪಿಸಿತು. ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆ ಇದೆ. ಆದರೆ ಸಾಲ ಮಾಡಿ ಖಾಸಗಿ ಕೋರ್ಸಿಗೆ ಸೇರಿಸುವ ಮೊದಲು ಯೋಚಿಸಿ. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಎಂಬ ದೊಡ್ಡ ಸಂಸ್ಥೆ ಭಾರತದಲ್ಲಿನ ಕೆಲಸ ನಿಲ್ಲಿಸಿದಾಗ ಬೆಂಗಳೂರಿನಲ್ಲಿ ಬಹಳ ಮಂದಿ ಒಮ್ಮೆಲೇ ಕೆಲಸ ಕಳೆದುಕೊಂಡರು. ಸಾಫ್ಟ್‌ವೇರುಗಳು ಬದಲಾಗುತ್ತವೆ, ಚಿತ್ರ ಬರೆಯುವ ಕೈ, ಬೆಳಕು ನೆರಳಿನ ತಿಳಿವು, ಜ್ಯಾಮಿತಿ ಇವು ಎಂದಿಗೂ ಕೆಲಸಕ್ಕೆ ಬರುತ್ತವೆ. ಮೊದಲು ಅವು ಗಟ್ಟಿಯಾಗಲಿ.

ನಮ್ಮ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಆ ವರ್ಷ ಅವನು ಕೈಗೆ ಪಟ್ಟಿ ಕಟ್ಟಿಕೊಂಡೇ ವೇದಿಕೆಯ ಪಕ್ಕ ನಿಂತು ಹಾಡುಗಳನ್ನು ಹಾಕಿದ. ಮರುವರ್ಷದ ವಿಜ್ಞಾನ ವಸ್ತುಪ್ರದರ್ಶನಕ್ಕೆ ಒಂದು ಮರದ ಗೊಂಬೆ ಮಾಡಿ ತಂದಿದ್ದ. ಹಿಮ್ಮಡಿಯಲ್ಲಿ ಸೀಳು, ಹಲಗೆಯಲ್ಲಿ ಮೊಳೆ. ಮೊಳೆಗೆ ಸಿಕ್ಕಿಸಿದರೆ ಗೊಂಬೆ ವಾಲಿ ನಿಲ್ಲುತ್ತಿತ್ತು, ಬಿಡಿಸಿದರೆ ಬೋರಲು ಬೀಳುತ್ತಿತ್ತು. ಪಕ್ಕದಲ್ಲಿ ತೂಗುಗುಂಡಿನ ದಾರ. ಬಂದವರಿಗೆಲ್ಲಾ, "ಮೊದ್ಲು ದಾರ ಎಲ್ಲಿ ಬೀಳುತ್ತೆ ನೋಡಿ ಸಾರ್" ಎಂದು ವಿವರಿಸುತ್ತಿದ್ದ. ಅಂದಿನಿಂದ ಯಾವ ಮಗು ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳಿದರೂ ನಾನು ಕೆಂಪು ಪೆನ್ನನ್ನು ಕೆಳಗಿಟ್ಟು ಕೇಳಿಸಿಕೊಳ್ಳುತ್ತೇನೆ.