ಹೊಡೆಯದೆ ಕಳೆದ ಒಂದು ಸರದಿ: ಪೋಕೆಮಾನ್ ಕಾಳಗದಲ್ಲಿ ‘ಪ್ರೊಟೆಕ್ಟ್’

(ಧ್ವನಿ ಸಂಚಿಕೆಯ ಲಿಖಿತ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)

ಇವತ್ತಿನ ಸಂಚಿಕೆ ಒಂದು ಗೇಮಿನ ಬಗ್ಗೆ. ‘ಹುಡುಗರ ಆಟ ಬಿಡ್ರಿ’ ಅಂತ ಮುಂದಕ್ಕೆ ಓಡಿಸಬೇಡಿ. ಮನೆಯಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳಿದ್ದರೆ ಪಕ್ಕಕ್ಕೆ ಕೂರಿಸಿಕೊಂಡು ಕೇಳಿ.

ನಮ್ಮದು ನಾಲ್ಕು ತಾಲ್ಲೂಕಿಗೆ ಹರಡಿದ ಮನೆತನ. ನಾನು ಮುದ್ದೇಬಿಹಾಳ, ದೊಡ್ಡಕ್ಕ ಇಂಡಿ, ಸಣ್ಣಕ್ಕ ಸಿಂದಗಿ. ಅವ್ವ ಬಸವನ ಬಾಗೇವಾಡಿಯ ಹಳೇ ಮನೆಯಲ್ಲಿ. ಶ್ರಾವಣದ ಜಾತ್ರೆಗೆ ಎಲ್ಲರೂ ಬಾಗೇವಾಡಿಗೆ ಸೇರ್ತೀವಿ. ದೊಡ್ಡವರು ಕೆಳಗೆ ಮಾತಾಡ್ತಾ ಕೂತರೆ ಹುಡುಗರು ಮಾಳಿಗೆ ಹತ್ತಿ ‘ಪೋಕೆಮಾನ್ ಶೋಡೌನ್’ ಆಡ್ತಾರೆ. ಬ್ರೌಸರಿನಲ್ಲೇ ನಡೆಯುವ ಉಚಿತ ಆಟ. ಪೋಕೆಮಾನ್ ಹಿಡಿದು ತಿಂಗಳುಗಟ್ಟಲೆ ಬೆಳೆಸುವ ಗೋಜಿಲ್ಲ, ತಂಡ ಕಟ್ಟಿದರೆ ನೇರ ಕಾಳಗ.

ಸಿಂದಗಿಯವನು ಎಲ್ಲರಿಗಿಂತ ಸಣ್ಣವ. ಹೋದ ವರ್ಷ ಇಂಡಿಯ ಅಣ್ಣನ ಕೈಯಲ್ಲಿ ಒಂದೇ ರಾತ್ರಿ 11 ಸಲ ಸೋತಿದ್ದ. ಈ ವರ್ಷ ಜಾತ್ರೆಗೇ ಬರಲ್ಲ ಅಂತ ಹಠ ಹಿಡಿದ. ಅಕ್ಕ ಫೋನ್ ಮಾಡಿ, ‘ತಮ್ಮಾ, ನೀನರ ಏನರ ಹೇಳು. ಆಟದ ಮ್ಯಾಲಿನ ಸಿಟ್ಟು ಈಗ ಅಣ್ಣನ ಮ್ಯಾಲೆ ಹೊಂಟೈತಿ’ ಅಂದಳು. ಹಾಗಾಗಿ ಒಂದು ಭಾನುವಾರ ಸಿಂದಗಿಗೆ ಹೋಗಿ ಅವನ ತಂಡ ತೆರೆದು ನೋಡಿದೆ. ಆರು ಪೋಕೆಮಾನ್, ಒಂದೊಂದಕ್ಕೆ ನಾಲ್ಕು ಮೂವ್. ನಾನು ಕುಸ್ತಿಯ ಮಾತಿನಲ್ಲಿ ಪಟ್ಟು ಅಂತೀನಿ. ಒಟ್ಟು 24 ಪಟ್ಟು, ಇಪ್ಪತ್ತನಾಲ್ಕೂ ಹೊಡೆಯುವ ಪಟ್ಟು! ಬೆಂಕಿ, ಮಿಂಚು, ಭೂಕಂಪ ಎಲ್ಲಾ ಇದೆ. ಪ್ರೊಟೆಕ್ಟ್ ಮಾತ್ರ ಇಲ್ಲ.

ಪ್ರೊಟೆಕ್ಟ್ ಬಂದದ್ದು 1999ರ ‘ಗೋಲ್ಡ್’, ‘ಸಿಲ್ವರ್’ ಆಟಗಳಲ್ಲಿ. ಕೆಲಸ ಸರಳ: ಬಳಸಿದ ಸರದಿಯಲ್ಲಿ ನಿಮ್ಮ ಪೋಕೆಮಾನಿಗೆ ಬರುವ ಹೆಚ್ಚುಕಡಿಮೆ ಎಲ್ಲ ಏಟನ್ನೂ ತಡೆಯುತ್ತದೆ. ಎದುರಿನವನು ಎಷ್ಟೇ ಚುರುಕಾಗಿರಲಿ, ಪ್ರೊಟೆಕ್ಟ್‌ಗೆ +4 ಆದ್ಯತೆ ಇರುವುದರಿಂದ ಅದೇ ಮೊದಲು ನಡೆಯುತ್ತದೆ. ಆದರೆ ಸಾಲಾಗಿ ಎರಡನೇ ಸಲ ಬಳಸಿದರೆ ಈಗಿನ ಆಟಗಳಲ್ಲಿ ಮೂರರಲ್ಲಿ ಒಂದೇ ಸಲ ಫಲಿಸ್ತದೆ, ಮೂರನೇ ಸಲ ಒಂಬತ್ತರಲ್ಲಿ ಒಂದು. ನಡುವೆ ಬೇರೆ ಪಟ್ಟು ಹಾಕಿದರೆ ಲೆಕ್ಕ ಮತ್ತೆ ಮೊದಲಿನಿಂದ.

ಹುಡುಗ ಕೇಳಿದ: ‘ಮಾಮಾ, ಹೊಡಿಯೂದ ಬಿಟ್ಟು ಸುಮ್ಮ ನಿಂತ್ರ ಗೆಲ್ಲೂದ ಹೆಂಗ?’

ನ್ಯಾಯವಾದ ಪ್ರಶ್ನೆ. ಸುಮ್ಮನೆ ತಡೆದರೆ ಏನೂ ಸಿಗಲ್ಲ, ಅದೇ ಏಟು ಮುಂದಿನ ಸರದಿಗೆ ಬರ್ತದೆ. ನಾನು ಕಬಡ್ಡಿ ನೆನಪಿಸಿದೆ. ಮುಂದಿರುವ ತಂಡದ ರೈಡರ್ ಯಾರನ್ನೂ ಮುಟ್ಟದೆ 30 ಸೆಕೆಂಡ್ ಕಳೆದು ಬರ್ತಾನೆ, ಎಂಪ್ಟಿ ರೈಡ್. ಅಂಕ ಇಲ್ಲ, ಆದರೆ ಗಡಿಯಾರ ಅವನ ಕಡೆ ಓಡಿತು. ಅದನ್ನೇ ಮಾಡ್ತಾ ಕೂರೋಕೂ ಆಗಲ್ಲ, ಪ್ರೊ ಕಬಡ್ಡಿಯಲ್ಲಿ ಮೂರನೆಯದು ಡೂ ಆರ್ ಡೈ. ಪ್ರೊಟೆಕ್ಟೂ ಹಾಗೇ. ನೀನು ನಿಂತಾಗ ನಿನ್ನ ಪರವಾಗಿ ಇನ್ನೊಂದು ಏನಾದ್ರೂ ನಡೀತಿರಬೇಕು.

ವಿಷ ತಗೊಳ್ಳಿ. ‘ಟಾಕ್ಸಿಕ್’ ಹಾಕಿದರೆ ಮೊದಲ ಸರದಿ ಪ್ರಾಣದ 16ರಲ್ಲಿ ಒಂದು ಪಾಲು ಹೋಗ್ತದೆ, ಆಮೇಲೆ ಎರಡು ಪಾಲು, ಮೂರು ಪಾಲು, ಹೀಗೆ ಏರ್ತದೆ. ಎದುರಾಳಿಗೆ 160 ಪ್ರಾಣ ಅಂದುಕೊಳ್ಳಿ. 10, 20, 30, 40, 50: ಐದು ಸರದಿಗೆ 150 ಖಾಲಿ, ಆರನೆಯದರಲ್ಲಿ ಮುಗೀತು. ಒಂದು ಸರದಿ ಬಿಟ್ಟು ಒಂದು ಪ್ರೊಟೆಕ್ಟ್ ಹಾಕಿದರೆ ನೀವು ತಿನ್ನೋ ಏಟು ಆರಲ್ಲ, ಮೂರು. ಜೊತೆಗೆ ‘ಲೆಫ್ಟೋವರ್ಸ್’ ಕೊಟ್ಟಿದ್ದರೆ ಪ್ರತಿ ಸರದಿ ನಿಮಗೆ 16ರಲ್ಲಿ ಒಂದು ಪಾಲು ವಾಪಸ್.

ಪ್ರೊಟೆಕ್ಟ್‌ನ ನಿಜವಾದ ಅಂಗಳ ಮಾತ್ರ ಡಬಲ್ಸ್, ಇಬ್ಬರ ಮೇಲೆ ಇಬ್ಬರು. ಇದು 2002ರ ‘ರೂಬಿ’, ‘ಸಫೈರ್’ ಆಟಗಳಿಂದ ಶುರು. ವಿಶ್ವ ಚಾಂಪಿಯನ್‌ಶಿಪ್ ನಡೆಯೋದೂ ಈ ಬಗೆಯಲ್ಲೇ. ಎದುರಿನ ಇಬ್ಬರೂ ನಿಮ್ಮ ಚಾರಿಜಾರ್ಡ್ ಮೇಲೆ ಬಿದ್ದರು ಅನ್ನಿ. ನೀವು ಪ್ರೊಟೆಕ್ಟ್ ಹಾಕಿದರೆ ಎರಡೂ ಏಟು ಗಾಳಿಗೆ. ಆ ಹೊತ್ತಿಗೆ ನಿಮ್ಮ ಜೊತೆಗಾರ ಪುಕ್ಕಟೆ ಒಂದು ಏಟು ಕೊಟ್ಟಿರ್ತಾನೆ. ಅಲ್ಲಿನ ನುರಿತವರ ತಂಡಗಳಲ್ಲಿ ಪ್ರೊಟೆಕ್ಟ್ ಇಲ್ಲದ ತಂಡ ಹುಡುಕಬೇಕು. ನಮ್ಮ ಹುಡುಗರಿಗೆ ಮಾತ್ರ ಅದು ಜಾಗ ಹಾಳು ಮಾಡೋ ಪಟ್ಟು.

ರಕ್ಷಣೆಯ ಪಟ್ಟಿನಿಂದ ಕಪ್ಪು ಗೆದ್ದದ್ದೂ ಇದೆ. 2014ರಲ್ಲಿ ವಾಷಿಂಗ್ಟನ್‌ನಲ್ಲಿ ದಕ್ಷಿಣ ಕೊರಿಯಾದ ಸೆಜುನ್ ಪಾರ್ಕ್ ವಿಶ್ವ ಚಾಂಪಿಯನ್ ಆದರು. ಅವರ ತಂಡದಲ್ಲಿದ್ದದ್ದು ಪಚಿರಿಸು, ಯಾರೂ ಲೆಕ್ಕಕ್ಕೆ ಹಿಡಿಯದ ಅಳಿಲು. ‘ಫಾಲೋ ಮೀ’ ಅಂತ ಏಟುಗಳನ್ನು ತನ್ನ ಮೇಲೆ ಎಳೆದುಕೊಳ್ಳೋದು ಅದರ ಕೆಲಸ. ಪಕ್ಕದ ಗ್ಯಾರಡಾಸ್‌ಗೆ ಮಿಂಚು ಅಂದರೆ ನಾಲ್ಕು ಪಟ್ಟು ಪೆಟ್ಟು. ಈ ಅಳಿಲು ಮಿಂಚು ಕುಡಿದು ಪ್ರಾಣ ಹೆಚ್ಚಿಸಿಕೊಳ್ತದೆ. ನನಗಂತೂ ಇಡೀ ಆಟದಲ್ಲಿ ಇಷ್ಟು ಚಂದದ ಜೋಡಿ ಕಂಡಿಲ್ಲ.

ಸರಿ, ಜಾತ್ರೆಗೆ ಬರೋಣ. ಹುಡುಗ ಚಾರಿಜಾರ್ಡ್‌ಗೆ ಪ್ರೊಟೆಕ್ಟ್ ಕೊಟ್ಟುಕೊಂಡು ಬಂದ. ಇಂಡಿಯವನದು ವಿಮ್ಸಿಕಾಟ್ ಮತ್ತು ಗಾರ್ಚಾಂಪ್. ಮೊದಲ ಸರದಿ ವಿಮ್ಸಿಕಾಟ್ ‘ಟೇಲ್‌ವಿಂಡ್’ ಎಬ್ಬಿಸಿತು. ಆ ಗಾಳಿ ನಾಲ್ಕು ಸರದಿ ಇರ್ತದೆ, ಅವನ ಕಡೆಯವರ ವೇಗ ಎರಡರಷ್ಟು. ಗಾರ್ಚಾಂಪ್ ಬಂಡೆ ಉರುಳಿಸಿತು, ಚಾರಿಜಾರ್ಡ್ ತಡೆಯಿತು. ಹುಡುಗ ಕುಣಿದಾಡಿದ. ಎರಡನೇ ಸರದಿ ವಿಮ್ಸಿಕಾಟ್ ‘ಎನ್‌ಕೋರ್’ ಹಾಕಿತು: ಹಿಂದೆ ಮಾಡಿದ್ದನ್ನೇ ಮತ್ತೆ ಮಾಡು ಅನ್ನುವ ಪಟ್ಟು, ಮೂರು ಸರದಿ ಹಿಡಿತ. ಚಾರಿಜಾರ್ಡ್ ಪ್ರೊಟೆಕ್ಟಿಗೇ ಸಿಕ್ಕಿಬಿತ್ತು. ಎರಡನೇ ಸಲದ ಪ್ರೊಟೆಕ್ಟ್ ಫಲಿಸಲಿಲ್ಲ, ಬಂಡೆ ಬಿತ್ತು, ಮುಗೀತು.

ಇದು ನನ್ನ ತಪ್ಪು, ಎನ್‌ಕೋರ್ ಬಗ್ಗೆ ಹೇಳೋದೇ ಮರೆತಿದ್ದೆ. ಹುಡುಗ ನನ್ನ ಮುಖ ನೋಡಿದ ರೀತಿ ಇನ್ನೂ ನೆನಪಿದೆ. ಹಾಗೇ ಇನ್ನೂ ಕೆಲವು ಎಚ್ಚರ: ‘ಟಾಂಟ್’ ಬಿದ್ದರೆ ಪ್ರೊಟೆಕ್ಟ್ ಬಳಸೋಕಾಗಲ್ಲ. ‘ಫೇಂಟ್’ ಅದನ್ನು ಒಡೆಯುತ್ತದೆ. ಒಂದೇ ಪಟ್ಟಿಗೆ ಕಟ್ಟಿಹಾಕುವ ‘ಚಾಯ್ಸ್’ ವಸ್ತು ಕೊಟ್ಟ ಪೋಕೆಮಾನಿಗೆ ಇದನ್ನು ಕೊಡಲೇಬೇಡಿ.

ಅವತ್ತು ಮತ್ತೆ ಎರಡು ಸಲ ಸೋತ. ನಾಲ್ಕನೇ ಆಟದಲ್ಲೂ ಶುರು ಅದೇ: ಗಾಳಿ, ಬಂಡೆ, ಪ್ರೊಟೆಕ್ಟ್. ಪಕ್ಕದ ಸ್ನಾರ್ಲ್ಯಾಕ್ಸ್ ಬಂಡೆ ತಿಂದೂ ಗಾರ್ಚಾಂಪ್‌ಗೆ ‘ಐಸ್ ಪಂಚ್’ ಕೊಟ್ಟು ಉರುಳಿಸಿತು. ಎರಡನೇ ಸರದಿಗೆ ಎನ್‌ಕೋರ್ ಬರ್ತದೆ ಅಂತ ಅವನಿಗೆ ಗೊತ್ತು. ಚಾರಿಜಾರ್ಡನ್ನು ಒಳಗೆ ಕರೆದು ಕಾರ್ವಿನೈಟ್ ಬಿಟ್ಟ. ಹೊಸದಾಗಿ ಬಂದವನು ಇನ್ನೂ ಯಾವ ಪಟ್ಟೂ ಹಾಕಿಲ್ಲವಲ್ಲ, ಎನ್‌ಕೋರ್ ವಿಫಲ. ಮೂರನೇ ಸರದಿ ಕಾರ್ವಿನೈಟ್‌ನ ಪ್ರೊಟೆಕ್ಟ್. ಹುಡುಗ ಬೆರಳು ಮಡಚಿ ಎಣಿಸ್ತಿದ್ದ: ‘ಮೂರಾತು… ಇನ್ನೊಂದ ಸರದಿ, ಗಾಳಿ ಬಂದ್.’ ನಾಲ್ಕನೆಯದರಲ್ಲಿ ಸ್ನಾರ್ಲ್ಯಾಕ್ಸ್ ಹೋಯ್ತು. ಐದಕ್ಕೆ ಗಾಳಿ ಇಲ್ಲ, ಚಾರಿಜಾರ್ಡ್ ವಾಪಸ್ ಅಂಗಳದಲ್ಲಿ, ಪ್ರಾಣ ತುಂಬಿಕೊಂಡೇ ಇದೆ.

ಗೆದ್ದ. ಇಂಡಿಯ ಅಣ್ಣ ಎರಡು ನಿಮಿಷ ಮಾತಾಡಲಿಲ್ಲ. ಆಮೇಲೆ ‘ತೋರ್ಸು ಆ ತಂಡ’ ಅಂತ ಇವನ ಫೋನ್ ಕಿತ್ಕೊಂಡು ಪಕ್ಕಕ್ಕೆ ಕೂತ.

ಈಗ ಇಬ್ಬರ ತಂಡದಲ್ಲೂ ಮೂರು ಮೂರು ಪ್ರೊಟೆಕ್ಟ್. ಇಂಡಿ–ಸಿಂದಗಿ ನಡುವೆ ಭಾನುವಾರದ ಆಟ ಅರ್ಧ ತಾಸು ಎಳೀತದೆ. ಒಮ್ಮೊಮ್ಮೆ ನಾಲ್ಕೂ ಪೋಕೆಮಾನ್ ಒಟ್ಟಿಗೆ ತಡೆದು ನಿಂತುಬಿಡ್ತಾವೆ, ಯಾರಿಗೂ ಏನೂ ಆಗಲ್ಲ. ಆಗ ಫೋನಿನ ಎರಡೂ ಕಡೆಯಿಂದ ನಗು ಕೇಳಿಸ್ತದೆ ಅಂತ ಅಕ್ಕ ಹೇಳ್ತಾಳೆ.